ಮನೆ ಕೊಳ್ಳಲು ಅಪ್ಪ-ಅಮ್ಮ ಕೊಡುವ ಹಣ: ತೆರಿಗೆ ತಾಪತ್ರಯ ಬಾರದಂತೆ ಪಡೆಯುವುದು ಹೇಗೆ?

ಬೆಂಗಳೂರಿನಲ್ಲಿ 80 ಲಕ್ಷದ ಒಂದು ಫ್ಲ್ಯಾಟ್ ನೋಡಿದ್ದೀರಿ ಅಂದುಕೊಳ್ಳಿ. ಬ್ಯಾಂಕ್ ಪೂರ್ತಿ ಹಣ ಕೊಡುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ. 90, 30ರಿಂದ 75 ಲಕ್ಷದ ಸಾಲಕ್ಕೆ ಶೇ. 80, ಅದಕ್ಕೂ ಮೇಲಿನದಕ್ಕೆ ಶೇ. 75 ಮಿತಿ. ಅಂದರೆ ಈ ಫ್ಲ್ಯಾಟಿಗೆ ಹೆಚ್ಚೆಂದರೆ 64 ಲಕ್ಷ ಸಾಲ, 16 ಲಕ್ಷ ಕೈಯಿಂದ. ಇದರ ಜೊತೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಇವೇ 6 ಲಕ್ಷ ದಾಟುತ್ತವೆ. ಇದಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ. ಒಟ್ಟು 22 ಲಕ್ಷ ನೀವೇ ಹೊಂದಿಸಬೇಕು.

ನಮ್ಮಲ್ಲಿ ಈ ಹಣ ಎಲ್ಲಿಂದ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅಪ್ಪನ ಗ್ರಾಚ್ಯುಟಿ, ಅಮ್ಮನ ಎಫ್‌ಡಿ, ಊರಿನ ತೋಟ ಮಾರಿದ್ದು, ಸೋದರಮಾವ ಕೊಟ್ಟಿದ್ದು. ಇದಕ್ಕೆ ತೆರಿಗೆ ಇದೆಯಾ? ಹತ್ತಿರದ ಸಂಬಂಧಿಕರು ಕೊಟ್ಟರೆ ಇಲ್ಲ. ಎಷ್ಟು ಕೋಟಿ ಕೊಟ್ಟರೂ ಇಲ್ಲ. ದಾನ ತೆರಿಗೆ ಎಂಬ ಕಾನೂನೇ 1998ರ ಅಕ್ಟೋಬರ್ 1ರಿಂದ ಹೋಯಿತು. ಈಗಿರುವುದು ಆದಾಯ ತೆರಿಗೆ ಕಾನೂನಿನೊಳಗಿನ ನಿಯಮ ಮಾತ್ರ. ಹಾಗಂತ ಸುಮ್ನೆ ಕೈಗೆ ಬಂದದ್ದನ್ನು ಬಂದ ಹಾಗೆ ತೆಗೆದುಕೊಂಡರೆ ತೊಂದರೆ ತಪ್ಪುವುದಿಲ್ಲ. ಯಾರು, ಯಾರಿಗೆ, ಯಾವ ದಾರಿಯಲ್ಲಿ ಕೊಟ್ಟರು ಎಂಬ ಮೂರರಲ್ಲಿ ಒಂದು ತಪ್ಪಿದರೂ ಪ್ರೀತಿಯಿಂದ ಕೊಟ್ಟ ಹಣಕ್ಕೆ ನೋಟಿಸ್ ಬರುತ್ತದೆ. ಆದ್ದರಿಂದ ಅಗ್ರಿಮೆಂಟ್‌ಗೆ ಸಹಿ ಹಾಕುವ ಮೊದಲೇ ಕೆಳಗಿನ ಕೆಲಸಗಳನ್ನು ಒಂದೊಂದಾಗಿ ಮಾಡಿ.

ಒಂದು ಮಾತು. 2026ರ ಏಪ್ರಿಲ್ 1ರಿಂದ 1961ರ ಕಾನೂನಿನ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಹಾಗಾಗಿ ಇಲ್ಲಿ ಸಂಖ್ಯೆಗಿಂತ ನಿಯಮವನ್ನೇ ಹೇಳಿದ್ದೇನೆ. ಜನರ ಬಾಯಲ್ಲಿರುವ ಹಳೆಯ ಸಂಖ್ಯೆ ಬೇಕಾದ ಕಡೆ ಮಾತ್ರ ಕೊಟ್ಟಿದ್ದೇನೆ.

ಹೆಜ್ಜೆ 1: ಕೊಡುವವರು ಕಾನೂನಿನ ಪ್ರಕಾರ ಸಂಬಂಧಿಕರೇ ನೋಡಿ

ನಮ್ಮ ನೆಂಟಸ್ತಿಕೆ ದೊಡ್ಡದು, ಕಾನೂನಿನ ಪಟ್ಟಿ ಚಿಕ್ಕದು. ಹಣ ಪಡೆಯುವವರ ಕಡೆಯಿಂದ ಈ ಪಟ್ಟಿ ಓದಬೇಕು. ಗಂಡ ಅಥವಾ ಹೆಂಡತಿ. ಒಡಹುಟ್ಟಿದವರು. ಗಂಡನ ಅಥವಾ ಹೆಂಡತಿಯ ಒಡಹುಟ್ಟಿದವರು. ಅಪ್ಪನ ಮತ್ತು ಅಮ್ಮನ ಒಡಹುಟ್ಟಿದವರು, ಅಂದರೆ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮ. ನೇರ ಸಾಲಿನ ಹಿರಿಯರು ಮತ್ತು ಕಿರಿಯರು: ಅಪ್ಪ-ಅಮ್ಮ, ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳು. ಸಂಗಾತಿಯ ಕಡೆಯ ನೇರ ಸಾಲಿನವರು, ಅಂದರೆ ಅತ್ತೆ-ಮಾವ ಮುಂತಾದವರು. ಕೊನೆಗೆ ಇವರೆಲ್ಲರ ಗಂಡ ಅಥವಾ ಹೆಂಡತಿ. ಈ ಕೊನೆಯ ಮಾತಿನಿಂದಾಗಿ ಅತ್ತಿಗೆ, ಭಾವ, ಅಳಿಯ, ಸೊಸೆ ಅಷ್ಟೇ ಅಲ್ಲ, ಷಡ್ಡಕನೂ ಪಟ್ಟಿಯೊಳಗೆ ಬರುತ್ತಾನೆ.

ಹೊರಗೆ ಉಳಿಯುವವರು ಯಾರು? ದೊಡ್ಡಪ್ಪನ ಮಗ, ಚಿಕ್ಕಮ್ಮನ ಮಗಳು, ಅಂದರೆ ಕಸಿನ್‌ಗಳೆಲ್ಲ ಹೊರಗೆ. ನಾವು ಅಣ್ಣ, ಅಕ್ಕ ಅಂತಲೇ ಕರೆದರೂ ಕಾನೂನಿಗೆ ಅವರು ಬೇರೆಯವರು. ಬೀಗರೂ ಹೊರಗೆ. ಹೆಂಡತಿಯ ಚಿಕ್ಕಪ್ಪ, ಸೋದರಮಾವ ಕೊಟ್ಟದ್ದು ಗಂಡನ ಕೈಯಲ್ಲಿ ತೆರಿಗೆಗೆ ಬೀಳುತ್ತದೆ. ಅದೇ ಹಣವನ್ನು ಅವರು ಹೆಂಡತಿಗೇ ಕೊಟ್ಟರೆ ತೆರಿಗೆ ಇಲ್ಲ.

ಜಾಸ್ತಿ ಜನ ಎಡವುವ ಜಾಗ ಇನ್ನೊಂದಿದೆ. ಸೋದರಮಾವ ತಂಗಿಯ ಮಗನಿಗೆ 10 ಲಕ್ಷ ಕೊಟ್ಟರೆ ತೆರಿಗೆ ಇಲ್ಲ. ಆತ ಅಮ್ಮನ ಒಡಹುಟ್ಟಿದವನು. ಆದರೆ ಚೆನ್ನಾಗಿ ದುಡಿಯುವ ಸೋದರಳಿಯ ಮಾವನಿಗೆ ಮನೆ ಕಟ್ಟಿಕೊಳ್ಳಲಿ ಅಂತ 10 ಲಕ್ಷ ಕೊಟ್ಟರೆ, ಮಾವ ಆ ಪೂರ್ತಿ ಹಣಕ್ಕೆ ತೆರಿಗೆ ಕಟ್ಟಬೇಕು. ಮಾವನ ಪಟ್ಟಿಯಲ್ಲಿ ಅಕ್ಕ-ತಂಗಿ ಇದ್ದಾರೆ, ಅವರ ಮಕ್ಕಳಿಲ್ಲ. ಇಂಥ ಕಡೆ ಅಳಿಯ ತನ್ನ ಅಮ್ಮನಿಗೆ ಕೊಟ್ಟು, ಅಮ್ಮ ತನ್ನ ಅಣ್ಣನಿಗೆ ಕೊಡುವ ಉಪಾಯ ಕೆಲವರು ಹೇಳುತ್ತಾರೆ. ಒಂದೇ ದಿನ ಹೀಗೆ ಸುತ್ತಿಸಿದರೆ ಅಧಿಕಾರಿಯ ಕಣ್ಣಿಗೆ ಅದು ನೇರವಾಗಿ ಕಾಣುತ್ತದೆ. ಬ್ಯಾಂಕ್ ಮೂಲಕ ಸಾಲವಾಗಿ ಕೊಡುವುದೇ ಅದಕ್ಕಿಂತ ನೇರವಾದ ದಾರಿ.

ಪಟ್ಟಿಯ ಹೊರಗಿನವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿವರೆಗೆ ಬಂದರೆ ತೆರಿಗೆ ಇಲ್ಲ. ಒಬ್ಬೊಬ್ಬರಿಂದ 50,000 ಅಲ್ಲ, ಎಲ್ಲರಿಂದ ಸೇರಿ. ಮಿತಿ ದಾಟಿದರೆ ಮೇಲಿನ ಮೊತ್ತಕ್ಕಷ್ಟೇ ಅಲ್ಲ, ಪೂರ್ತಿಗೂ ತೆರಿಗೆ. 60,000 ಬಂದರೆ 60,000ವೂ ನಿಮ್ಮ ಆದಾಯ.

ಮದುವೆ ಮಾತ್ರ ಇದಕ್ಕೆ ಹೊರತು. ಮದುವೆ ಸಂದರ್ಭದಲ್ಲಿ ಗಂಡು-ಹೆಣ್ಣಿಗೆ ಯಾರೇ ಕೊಟ್ಟರೂ ತೆರಿಗೆ ಇಲ್ಲ. ಸ್ನೇಹಿತರು, ಬೀಗರು, ಕಸಿನ್‌ಗಳು ಎಲ್ಲರೂ ಕೊಡಬಹುದು. ಆದರೆ ಅದು ಮದುವೆಯಾದವರಿಗೆ ಕೊಟ್ಟದ್ದಾಗಿರಬೇಕು, ಅವರ ಅಪ್ಪ-ಅಮ್ಮನಿಗಲ್ಲ. ಮದುವೆಯಲ್ಲಿ ಬಂದ ಹಣವನ್ನು ಮನೆಗೆ ಹಾಕುವವರು ಮುಯ್ಯಿ ಬರೆದ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹೆಸರು, ಊರು, ಮೊತ್ತ ಬರೆದ ಆ ಪುಸ್ತಕ, ಲಗ್ನಪತ್ರಿಕೆ, ಕೆಲವೇ ದಿನಗಳಲ್ಲಿ ಬ್ಯಾಂಕಿಗೆ ಕಟ್ಟಿದ ರಸೀದಿ ಸೇರಿದರೆ ಒಳ್ಳೆಯ ದಾಖಲೆ. ಗೃಹಪ್ರವೇಶಕ್ಕೆ ಈ ವಿನಾಯಿತಿ ಇಲ್ಲ. ಹುಟ್ಟುಹಬ್ಬ, ಉಪನಯನಕ್ಕೂ ಇಲ್ಲ. ಗೃಹಪ್ರವೇಶದ ದಿನ ಸ್ನೇಹಿತರು ಕೊಟ್ಟ ಕವರುಗಳು ಅದೇ 50,000ದ ಲೆಕ್ಕಕ್ಕೆ ಸೇರುತ್ತವೆ.

ಹೆಜ್ಜೆ 2: ಕೊಡುವವರ ಕೈಗೆ ಆ ಹಣ ಎಲ್ಲಿಂದ ಬಂತು?

ಪಡೆದವರಿಗೆ ತೆರಿಗೆ ಇಲ್ಲ ಅಂದಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ನಿಮ್ಮ ಖಾತೆಗೆ 15 ಲಕ್ಷ ಬಂದದ್ದನ್ನು ಇಲಾಖೆ ಕೇಳಿದರೆ ಮೂರು ವಿಷಯ ತೋರಿಸಬೇಕಾಗುತ್ತದೆ: ಕೊಟ್ಟವರು ಯಾರು, ಅಷ್ಟು ಕೊಡುವ ಶಕ್ತಿ ಅವರಿಗಿತ್ತೇ, ನಿಜವಾಗಿ ಕೊಟ್ಟರೇ. ತೋರಿಸಲಾಗದಿದ್ದರೆ ಅದು ಲೆಕ್ಕಕ್ಕೆ ಸಿಗದ ಹಣ. ಅದರ ಮೇಲಿನ ತೆರಿಗೆ ಮಾಮೂಲಿ ಸ್ಲ್ಯಾಬಿನದಲ್ಲ, ತುಂಬಾ ಭಾರಿಯಾದದ್ದು.

ಪಿಂಚಣಿ, ಪಿಎಫ್, ಗ್ರಾಚ್ಯುಟಿ, ಎಫ್‌ಡಿ ಹಣವಾದರೆ ಸುಲಭ. ಪಾಸ್‌ಬುಕ್ ಪುಟಗಳೇ ಸಾಕು. ಎಫ್‌ಡಿ ಮುರಿದರೆ ಅದರ ಬಡ್ಡಿಗೆ, ಷೇರು ಅಥವಾ ಮ್ಯೂಚುವಲ್ ಫಂಡ್ ಮಾರಿದರೆ ಅದರ ಲಾಭಕ್ಕೆ ತೆರಿಗೆ ಕಟ್ಟುವುದು ಕೊಡುವವರ ಜವಾಬ್ದಾರಿ.

ಕಷ್ಟ ಬರುವುದು ಜಮೀನು ಮಾರಿದ ಹಣದಲ್ಲಿ. ಹಳ್ಳಿಯ ಕೃಷಿಭೂಮಿ ಮಾರಿದರೆ ಬಂಡವಾಳ ಲಾಭ ತೆರಿಗೆ ಇಲ್ಲ, ನಿಜ. ಆದರೆ ಹಳ್ಳಿ ಅಂದರೆ ಯಾವುದು? 10,000ಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ಪುರಸಭೆ, ನಗರಸಭೆಗಳ ಒಳಗಿನ ಜಮೀನು ಹಳ್ಳಿಯದಲ್ಲ. ಹೊರಗಿದ್ದರೂ ದೂರ ನೋಡಬೇಕು. ಪಟ್ಟಣದ ಜನಸಂಖ್ಯೆ 10,000ದಿಂದ 1 ಲಕ್ಷದೊಳಗಿದ್ದರೆ 2 ಕಿ.ಮೀ., 1ರಿಂದ 10 ಲಕ್ಷವಾದರೆ 6 ಕಿ.ಮೀ., 10 ಲಕ್ಷ ದಾಟಿದರೆ 8 ಕಿ.ಮೀ. ಒಳಗಿನ ಜಮೀನಿಗೆ ತೆರಿಗೆ ಇದೆ. ಈ ದೂರ ರಸ್ತೆಯ ಲೆಕ್ಕದ್ದಲ್ಲ, ಪಟ್ಟಣದ ಗಡಿಯಿಂದ ನೇರ ಗೆರೆ ಎಳೆದು ಅಳೆಯುವುದು. ಊರಿಗೆ ಬಸ್ಸಿನಲ್ಲಿ ಹೋದರೆ 9 ಕಿ.ಮೀ. ಇರುವ ತೋಟ, ನೇರ ಗೆರೆಯಲ್ಲಿ 6ರೊಳಗೆ ಬೀಳಬಹುದು.

ಇನ್ನು ಕ್ರಯಪತ್ರದಲ್ಲಿ ಒಂದು ಬೆಲೆ, ಕೈಗೆ ಬರುವುದು ಇನ್ನೊಂದು ಬೆಲೆ. ಅಪ್ಪ 40 ಲಕ್ಷಕ್ಕೆ ತೋಟ ಮಾರಿ, ಪತ್ರದಲ್ಲಿ 18 ಲಕ್ಷ ಬರೆಸಿದರೆ, ಮಗಳಿಗೆ ದಾನ ಕೊಡಲು ಅವರಿಗೆ ದಾಖಲೆಯಲ್ಲಿ ಇರುವುದು 18 ಲಕ್ಷ ಮಾತ್ರ. ಉಳಿದ 22 ಲಕ್ಷ ಮಗಳ ಫ್ಲ್ಯಾಟಿಗೆ ಬಂದರೆ ಅದನ್ನು ವಿವರಿಸಲು ಯಾವ ಕಾಗದವೂ ಇರುವುದಿಲ್ಲ. ಜೊತೆಗೆ ಆಸ್ತಿ ಮಾರಾಟದ ಬಾಬ್ತು 20,000 ಅಥವಾ ಹೆಚ್ಚು ಕ್ಯಾಶ್ ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮಕ್ಕಳ ಮನೆಗೆ ಹಣ ಬೇಕು ಅಂತ ಜಮೀನು ಮಾರುವವರಿಗೆ ನಾನು ಹೇಳುವುದು ಇಷ್ಟೇ: ಪೂರ್ತಿ ಬೆಲೆ ಪತ್ರದಲ್ಲಿ ಬರೆಸಿ, ಪೂರ್ತಿ ಹಣ ಬ್ಯಾಂಕಿಗೆ ಹಾಕಿಸಿಕೊಳ್ಳಿ. ಹಳ್ಳಿಯ ಕೃಷಿಭೂಮಿಗಂತೂ ಬಚ್ಚಿಡಲು ಕಾರಣವೇ ಇಲ್ಲ, ತೆರಿಗೆಯೇ ಇಲ್ಲವಲ್ಲ.

ಪಿತ್ರಾರ್ಜಿತ ಜಮೀನಾದರೆ ಹೆಣ್ಣುಮಕ್ಕಳ ಪಾಲು ಮರೆಯಬೇಡಿ. ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯಿಂದ ಮಗಳೂ ಮಗನಷ್ಟೇ ಪಾಲುದಾರಳು. ಅಕ್ಕ-ತಂಗಿಯರ ಪಾಲಿನ ಹಣವನ್ನು ಅಪ್ಪ ಮಗನಿಗೆ ದಾನ ಕೊಡಲು ಬರುವುದಿಲ್ಲ. ಅವರು ಮನಸಾರೆ ಬಿಟ್ಟುಕೊಡುವುದಾದರೆ ಅವರ ಪಾಲು ಅವರ ಖಾತೆಗೆ ಬರಲಿ, ಅಲ್ಲಿಂದ ಅವರೇ ಕೊಡಲಿ. ಒಡಹುಟ್ಟಿದವರು ಕೊಟ್ಟದ್ದಕ್ಕೂ ತೆರಿಗೆ ಇಲ್ಲ. ಕಾಗದವೂ ಸ್ವಚ್ಛ, ಸಂಬಂಧವೂ ಉಳಿಯುತ್ತದೆ.

ಸೈಟ್ ಅಥವಾ ಹಳೇ ಮನೆ ಮಾರಿ ಕೊಡುವ ಹಿರಿಯರು ಬಂಡವಾಳ ಲಾಭ ತೆರಿಗೆ ಲೆಕ್ಕ ಹಾಕಿಕೊಂಡೇ ದಾನದ ಮೊತ್ತ ನಿರ್ಧರಿಸಬೇಕು. ದೀರ್ಘಾವಧಿ ಲಾಭಕ್ಕೆ ದರ ಶೇ. 12.5. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಯಾದರೆ ಇಲ್ಲಿನ ನಿವಾಸಿಗಳು ಹಣದುಬ್ಬರ ಹೊಂದಿಸಿಕೊಂಡು ಶೇ. 20ರ ಲೆಕ್ಕವನ್ನೂ ಹೋಲಿಸಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಇನ್ನೊಂದು ಮನೆ ಕೊಂಡರೆ ಸಿಗುವ ವಿನಾಯಿತಿ ಮಾರಿದವರ ಹೆಸರಲ್ಲಿ ಕೊಂಡರೆ ಸಿಗುವಂಥದ್ದು. ಹಣವನ್ನು ಮಗನಿಗೆ ದಾನ ಕೊಟ್ಟು, ಮಗ ತನ್ನ ಹೆಸರಲ್ಲಿ ಕೊಂಡರೆ ಅಪ್ಪನಿಗೆ ಅದು ಸಿಗುತ್ತದೆ ಅಂತ ನಂಬಿ ಕೂರಬೇಡಿ. ಅಂಥ ಸಂದರ್ಭದಲ್ಲಿ ಅಪ್ಪನೂ ಕ್ರಯಪತ್ರದಲ್ಲಿ ಪಾಲುದಾರರಾಗುವುದು ಒಳ್ಳೆಯದು. ಇದೊಂದು ವಿಷಯಕ್ಕೆ ಆಡಿಟರ್ ಹತ್ತಿರ ಹೋಗಲೇಬೇಕು.

ಹೆಜ್ಜೆ 3: ಯಾರ ಖಾತೆಗೆ, ಯಾರ ಹೆಸರಿಗೆ?

ಸಂಬಂಧಿಕರಲ್ಲಿ ತೆರಿಗೆ ಇಲ್ಲ ಅಂತ ಹೆಂಡತಿಗೋ ಸೊಸೆಗೋ ಹಣ ಕೊಟ್ಟು ಮನೆ ಮಾಡಿಸುವವರು ಬಹಳ. ಕೊಟ್ಟ ದಿನ ತೆರಿಗೆ ಇಲ್ಲ. ಆದರೆ ಗಂಡ ಕೊಟ್ಟ ಹಣದಿಂದ ಹೆಂಡತಿ ಕೊಂಡ ಮನೆಗೆ ಬಾಡಿಗೆ ಬಂದರೆ, ಆ ಬಾಡಿಗೆ ಗಂಡನ ಆದಾಯಕ್ಕೆ ಸೇರುತ್ತದೆ. ಮುಂದೆ ಮಾರಿದಾಗಿನ ಲಾಭವೂ ಹಾಗೇ. ಆಡಿಟರುಗಳು ಇದನ್ನು ಕ್ಲಬ್ಬಿಂಗ್ ಅನ್ನುತ್ತಾರೆ. ಹೆಂಡತಿ ಗಂಡನಿಗೆ ಕೊಟ್ಟರೂ ಇದೇ. ಅತ್ತೆ-ಮಾವ ಸೊಸೆಗೆ ಕೊಟ್ಟರೂ ಇದೇ. ಅಪ್ರಾಪ್ತ ಮಕ್ಕಳ ಹೆಸರಲ್ಲಿ ಇಟ್ಟರೂ ಇದೇ.

ವಯಸ್ಸಿಗೆ ಬಂದ ಮಗ, ಮಗಳು, ಅಪ್ಪ-ಅಮ್ಮ, ಒಡಹುಟ್ಟಿದವರಿಗೆ ಕೊಟ್ಟರೆ ಇದು ಅನ್ವಯಿಸುವುದಿಲ್ಲ. ಆದ್ದರಿಂದ ಮಗನ ಸಂಸಾರಕ್ಕೆ ಕೊಡುವುದಾದರೆ ಮಗನಿಗೇ ಕೊಡಿ. ಮಗಳ ಸಂಸಾರಕ್ಕೆ ಕೊಡುವುದಾದರೆ ಮಗಳ ಖಾತೆಗೇ ಹಾಕಿ, ಕ್ರಯಪತ್ರದಲ್ಲಿ ಅವಳ ಹೆಸರೂ ಅವಳ ಪಾಲೂ ಬರುವಂತೆ ನೋಡಿಕೊಳ್ಳಿ. ತವರಿನ ಹಣ ಹಾಕಿಯೂ ಮನೆ ಅಳಿಯನೊಬ್ಬನ ಹೆಸರಲ್ಲಿರುವುದನ್ನು ನಾವೆಲ್ಲ ನೋಡಿದ್ದೇವೆ. ತೆರಿಗೆಗಿಂತ ದೊಡ್ಡ ತೊಂದರೆ ಅದು. ಯಾರು ಎಷ್ಟು ಹಾಕಿದರೋ ಅಷ್ಟು ಪಾಲನ್ನು ಶೇಕಡಾ ಲೆಕ್ಕದಲ್ಲಿ ಕ್ರಯಪತ್ರದಲ್ಲೇ ಬರೆಸಿ.

ನೀವೇ ವಾಸಿಸುವ ಮನೆಗೆ ಬಾಡಿಗೆ ಇರುವುದಿಲ್ಲವಾದ್ದರಿಂದ ಸೇರಿಸಲು ಸದ್ಯಕ್ಕೆ ಏನೂ ಇರುವುದಿಲ್ಲ. ಬಾಡಿಗೆಗೆ ಕೊಟ್ಟ ದಿನ, ಮಾರಿದ ದಿನ ಈ ಪ್ರಶ್ನೆ ಎದ್ದು ಬರುತ್ತದೆ.

ಹೆಜ್ಜೆ 4: ದಾನವೋ, ಸಾಲವೋ?

ವಾಪಸ್ ಬೇಕು ಅನ್ನುವ ಹಣವನ್ನು ದಾನ ಅಂತ ಬರೆಯಬೇಡಿ. ಮನೆಯೊಳಗೆ ಬಡ್ಡಿಯಿಲ್ಲದ ಸಾಲ ಕೊಡಲು ಕಾನೂನಿನ ಅಡ್ಡಿಯಿಲ್ಲ. 20,000 ಅಥವಾ ಹೆಚ್ಚಿನ ಸಾಲ ಕ್ಯಾಶ್‌ನಲ್ಲಿ ತೆಗೆದುಕೊಳ್ಳುವಂತಿಲ್ಲ, ಕ್ಯಾಶ್‌ನಲ್ಲಿ ತೀರಿಸುವಂತೆಯೂ ಇಲ್ಲ. ಬಡ್ಡಿ ಇಟ್ಟರೆ ಅದು ಅಪ್ಪನ ಆದಾಯ, ಅವರು ತೋರಿಸಬೇಕು. ಹಳೇ ತೆರಿಗೆ ಪದ್ಧತಿಯಲ್ಲಿರುವ ಮಗ ಆ ಬಡ್ಡಿಗೆ ಪ್ರಮಾಣಪತ್ರ ಪಡೆದು ಗೃಹಸಾಲದ ಬಡ್ಡಿಯಂತೆಯೇ ಕಳೆದುಕೊಳ್ಳಬಹುದು. ವಾಸದ ಮನೆಗೆ ವರ್ಷಕ್ಕೆ 2 ಲಕ್ಷದ ಮಿತಿ. ಅಸಲಿಗೆ ಮಾತ್ರ ಹಳೇ ಸೆಕ್ಷನ್ 80ಸಿಯ ತೆರಿಗೆ ಲಾಭ ಸಿಗುವುದಿಲ್ಲ.

ಬ್ಯಾಂಕಿಗೆ ಮಾತ್ರ ಸುಳ್ಳು ಹೇಳಬೇಡಿ. ಮಾರ್ಜಿನ್ ಮನಿ, ಅಂದರೆ ನೀವು ಕೈಯಿಂದ ಹಾಕುವ ಪಾಲು, ದಾನ ಅಂತ ಪತ್ರ ಕೊಟ್ಟು, ಒಳಗಡೆ ತಿಂಗಳು ತಿಂಗಳು ತೀರಿಸುತ್ತಿದ್ದರೆ ಇಎಂಐ ಕಟ್ಟುವ ನಿಮ್ಮ ಶಕ್ತಿಯ ಲೆಕ್ಕವೇ ತಪ್ಪಾಗುತ್ತದೆ.

ಹೆಜ್ಜೆ 5: ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಬರಲಿ

ಮನೆಯಲ್ಲಿಟ್ಟ ಕ್ಯಾಶ್ ಕೊಟ್ಟರಾಗದೇ, ಅಪ್ಪ ತಾನೇ ಕೊಡುತ್ತಿರುವುದು ಅನ್ನುವವರಿದ್ದಾರೆ. 2 ಲಕ್ಷ ಅಥವಾ ಹೆಚ್ಚು ಕ್ಯಾಶನ್ನು ಒಬ್ಬರಿಂದ ಒಂದು ದಿನದಲ್ಲಿ ಪಡೆಯುವಂತಿಲ್ಲ. ಅಪ್ಪನಿಂದಲೂ ಪಡೆಯುವಂತಿಲ್ಲ. ಹಳೇ ಕಾನೂನಿನಲ್ಲಿ ಇದು ಸೆಕ್ಷನ್ 269ಎಸ್‌ಟಿ. ದಂಡ ಪಡೆದಷ್ಟೇ ಮೊತ್ತ, ಕಟ್ಟಬೇಕಾದವರು ಪಡೆದವರು. ದಿನಕ್ಕೆ ಒಂದೂವರೆ ಲಕ್ಷದಂತೆ ತೆಗೆದುಕೊಂಡರೂ ತಪ್ಪಿಸಿಕೊಳ್ಳಲು ಆಗದು. ಒಂದೇ ಸಂದರ್ಭಕ್ಕೆ ಒಬ್ಬರು ಕೊಟ್ಟದ್ದೆಲ್ಲ ಒಟ್ಟು ಸೇರುತ್ತದೆ.

ಪಾಸ್‌ಬುಕ್‌ನಲ್ಲಿ ಸೋಮವಾರ 49,000, ಬುಧವಾರ 49,000, ಶುಕ್ರವಾರ 48,500 ಅಂತ ಕ್ಯಾಶ್ ಜಮೆ ಸಾಲಾಗಿ ನಿಂತಿರುತ್ತದೆ. ಪ್ಯಾನ್ ಕೇಳಬಾರದು ಅಂತ ಹೀಗೆ ಕಟ್ಟುತ್ತಾರೆ. ಆದರೆ ಆ ಸಾಲನ್ನು ನೋಡಿದ ಯಾರಿಗಾದರೂ ಅನುಮಾನ ಬರುತ್ತದೆ, ಗೃಹಸಾಲದ ಅಧಿಕಾರಿಗೂ ಬರುತ್ತದೆ. ಅಪ್ಪನ ಖಾತೆಗೂ ಇದು ಅನ್ವಯ. ಅವರ ಖಾತೆಗೆ ಹಿಂದಿನ ದಿನ 12 ಲಕ್ಷ ಕ್ಯಾಶ್ ಬಿದ್ದು, ಮರುದಿನ ನಿಮಗೆ ಬಂದರೆ ಪ್ರಶ್ನೆ ಹೋಗಲಿಲ್ಲ, ಒಂದು ಮನೆ ಹಿಂದಕ್ಕೆ ಸರಿಯಿತು ಅಷ್ಟೇ.

ಆರ್‌ಟಿಜಿಎಸ್, ನೆಫ್ಟ್ ಅಥವಾ ಚೆಕ್ ಮೂಲಕ, ಕೊಡುವವರ ಸ್ವಂತ ಖಾತೆಯಿಂದ ಪಡೆಯುವವರ ಸ್ವಂತ ಖಾತೆಗೆ ಬರಲಿ. ಅಮ್ಮನ ಹಣ ಅಣ್ಣನ ಖಾತೆ ಸುತ್ತಿ ಬರುವುದು ಬೇಡ. ಬಿಲ್ಡರ್‌ಗೆ ಅಪ್ಪನೇ ನೇರ ಕೊಡುವುದೂ ಬೇಡ. ಮೊದಲು ನಿಮ್ಮ ಖಾತೆಗೆ, ಅಲ್ಲಿಂದ ಬಿಲ್ಡರ್‌ಗೆ. ವರ್ಗಾವಣೆಯ ವಿವರದ ಜಾಗದಲ್ಲಿ ಮನೆಗಾಗಿ ದಾನ ಅಂತ ಎರಡು ಪದ ಬರೆಸಿ.

ಹೆಜ್ಜೆ 6: ದಾನದ ಪತ್ರ ಬರೆಯಿರಿ

ಹಣದ ದಾನವನ್ನು ನೋಂದಣಿ ಮಾಡಿಸಲೇಬೇಕೆಂಬ ನಿಯಮವಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಚರ ವಸ್ತುವಿನ ದಾನ ಕೈಗೆ ಒಪ್ಪಿಸಿದರೆ ಮುಗಿಯಿತು. ಸೈಟ್ ಅಥವಾ ಮನೆಯನ್ನೇ ದಾನ ಕೊಡುವುದಾದರೆ ಮಾತ್ರ ನೋಂದಣಿ ಕಡ್ಡಾಯ. ಅದಕ್ಕೆ ಕರ್ನಾಟಕದಲ್ಲಿ ಕುಟುಂಬದವರಿಗೆ ಕಡಿಮೆ ಮುದ್ರಾಂಕ ಶುಲ್ಕವಿದೆ, ಆದರೆ ಆ ಕುಟುಂಬದ ಪಟ್ಟಿಯೇ ಬೇರೆ. ಆದಾಯ ತೆರಿಗೆಯ ಪಟ್ಟಿ ಅಲ್ಲಿ ನಡೆಯುವುದಿಲ್ಲ.

ಹಣ ಬಂದ ಮೇಲೆ ಪತ್ರ ಬರೆಯಿರಿ, ಕೊಟ್ಟಾಗಿದೆ ಎನ್ನುವ ಧಾಟಿಯಲ್ಲಿ. ಹೀಗಿದ್ದರೆ ಸಾಕು:

"ನಾನು ______, ಪ್ಯಾನ್ ______, ವಾಸ ______. ನನ್ನ ಮಗಳಾದ ______, ಪ್ಯಾನ್ ______, ಇವಳು ಮನೆ ಕೊಳ್ಳಲೆಂದು ದಿನಾಂಕ ______ ರಂದು ನನ್ನ ______ ಬ್ಯಾಂಕ್ ಖಾತೆಯಿಂದ ಇವಳ ಖಾತೆಗೆ 15,00,000 ರೂಪಾಯಿ, ಅಕ್ಷರದಲ್ಲಿ ಹದಿನೈದು ಲಕ್ಷ ರೂಪಾಯಿ, ಆರ್‌ಟಿಜಿಎಸ್ ಮೂಲಕ ಕಳಿಸಿರುತ್ತೇನೆ. ಯುಟಿಆರ್ ಸಂಖ್ಯೆ ______. ಇದು ನನ್ನ ನಿವೃತ್ತಿ ಹಣ ಮತ್ತು ಎಫ್‌ಡಿಯಿಂದ ಬಂದದ್ದು. ಇದನ್ನು ಪ್ರೀತಿಯಿಂದ ದಾನವಾಗಿ ಕೊಟ್ಟಿರುತ್ತೇನೆ. ಇದು ಸಾಲವಲ್ಲ, ಹಿಂದಿರುಗಿಸಬೇಕಾಗಿಲ್ಲ."

ಕೆಳಗೆ ಅಪ್ಪನ ಸಹಿ. ಅದರ ಕೆಳಗೆ "ಈ ದಾನವನ್ನು ಒಪ್ಪಿಕೊಂಡಿದ್ದೇನೆ" ಅಂತ ಮಗಳ ಸಹಿ. ಇಬ್ಬರು ಸಾಕ್ಷಿಗಳು. ದಿನಾಂಕವನ್ನು ಎಂದೂ ಹಿಂದಕ್ಕೆ ಹಾಕಬೇಡಿ, ನೋಟಿಸ್ ಬಂದ ಮೇಲೆ ಬರೆದ ಪತ್ರಕ್ಕೆ ಬೆಲೆ ಇರುವುದಿಲ್ಲ. ಅಪ್ಪನ ಪಾಸ್‌ಬುಕ್‌ನ ಕಳೆದ ಒಂದು ವರ್ಷದ ಪುಟಗಳ ಪ್ರತಿ ಜೊತೆಗಿರಲಿ.

ಇಲ್ಲಿ ಹಿರಿಯರ ಪರವಾಗಿ ಒಂದು ಮಾತು ಹೇಳಲೇಬೇಕು. ಮನೆಯ ಖುಷಿಯಲ್ಲಿ ಇದ್ದದ್ದನ್ನೆಲ್ಲ ಕೊಟ್ಟು, ಆಸ್ಪತ್ರೆ ಖರ್ಚಿಗೆ ಮಕ್ಕಳ ಮುಂದೆ ಕೈ ಚಾಚುವಂತಾಗಬಾರದು. ಕೆಲವು ವರ್ಷಗಳ ಖರ್ಚು ಮತ್ತು ಚಿಕಿತ್ಸೆಗೆ ಬೇಕಾದಷ್ಟು ತೆಗೆದಿಟ್ಟು, ಉಳಿದದ್ದನ್ನಷ್ಟೇ ಕೊಡಿ. ಮಕ್ಕಳೂ ಇದನ್ನೇ ಒತ್ತಾಯಿಸಬೇಕು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಒಂದು ರಕ್ಷಣೆ ಇದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟು, ಮಕ್ಕಳು ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿ ಆ ದಾನವನ್ನು ರದ್ದು ಮಾಡಬಹುದು. ಷರತ್ತು ಪತ್ರದಲ್ಲಿ ಬರೆದಿದ್ದರೆ ಸಾಬೀತು ಮಾಡುವುದು ಸುಲಭ. ಷರತ್ತು ಹಾಕುವುದಾದರೆ ಸಾಲ ಕೊಡುವ ಬ್ಯಾಂಕಿಗೆ ಪತ್ರದ ಕರಡನ್ನು ಮೊದಲೇ ತೋರಿಸಿ. ಹಣದ ಬದಲು ಕ್ರಯಪತ್ರದಲ್ಲಿ ಅವರ ಹೆಸರಿಗೂ ಪಾಲು ಕೊಡುವುದು ಇನ್ನೂ ಗಟ್ಟಿ.

ಹೆಜ್ಜೆ 7: ಹೊರದೇಶದ ಮಕ್ಕಳಿದ್ದರೆ

ಅಮೆರಿಕದಲ್ಲಿರುವ ಮಗ ಊರಿನ ಅಪ್ಪ-ಅಮ್ಮನಿಗೆ ಮನೆ ಕಟ್ಟಲು ಹಣ ಕಳಿಸಿದರೆ ಇಲ್ಲಿ ಅವರಿಗೆ ತೆರಿಗೆ ಇಲ್ಲ. ಅಲ್ಲಿ 2025ರ ಲೆಕ್ಕದಲ್ಲಿ ಒಬ್ಬರಿಗೆ ವರ್ಷಕ್ಕೆ 19,000 ಡಾಲರ್ ದಾಟಿದರೆ ಮಗ ಅಲ್ಲಿನ ದಾನದ ರಿಟರ್ನ್ ಆದ ಫಾರ್ಮ್ 709 ಸಲ್ಲಿಸಬೇಕು. ಫಾರ್ಮ್ ಸಲ್ಲಿಸಬೇಕು ಅಂದರೆ ತೆರಿಗೆ ಕಟ್ಟಬೇಕು ಅಂತಲ್ಲ, ಜೀವಮಾನದಲ್ಲಿ ತೆರಿಗೆಯಿಲ್ಲದೆ ಕೊಡಬಹುದಾದ ದೊಡ್ಡ ಮಿತಿಯಿಂದ ಆ ಮೊತ್ತವನ್ನು ಕಳೆಯುತ್ತಾರೆ.

ಮನೆ ಯಾರದ್ದು ಎಂಬುದು ಮೊದಲೇ ತೀರ್ಮಾನವಾಗಿರಲಿ. ಹಣ ಮಗನದ್ದು, ಮನೆ ನಿಜವಾಗಿ ಮಗನಿಗೆ, ಆದರೆ ಪತ್ರ ಅಪ್ಪನೊಬ್ಬನ ಹೆಸರಲ್ಲಿ ಎಂದಾದರೆ ಬೇನಾಮಿ ಕಾನೂನಿನ ಪ್ರಶ್ನೆ ಏಳುತ್ತದೆ. ಲೆಕ್ಕವಿರುವ ಹಣದಿಂದ ಹೆಂಡತಿ ಅಥವಾ ಮಕ್ಕಳ ಹೆಸರಲ್ಲಿ ಕೊಂಡರೆ ವಿನಾಯಿತಿ ಇದೆ. ಅಪ್ಪ-ಅಮ್ಮ, ಒಡಹುಟ್ಟಿದವರ ಹೆಸರಲ್ಲಿ ಕೊಂಡರೆ ಕೊಟ್ಟವರ ಹೆಸರೂ ಜಂಟಿಯಾಗಿ ಇರಬೇಕು. ಆದ್ದರಿಂದ ನಿಜವಾದ ದಾನವಾದರೆ ದಾನಪತ್ರ ಬರೆಯಿರಿ, ಇಲ್ಲದಿದ್ದರೆ ಇಬ್ಬರ ಹೆಸರೂ ಹಾಕಿಸಿ.

ಇದಕ್ಕೆ ತಿರುಗುಮುರುಗಾಗಿ ಇಲ್ಲಿನ ಅಪ್ಪ ಅಲ್ಲಿನ ಮಗಳಿಗೆ ಕೊಡುವುದಾದರೆ, ರೂಪಾಯಿಯಲ್ಲಿ, ಅನಿವಾಸಿಗಳಿಗೆಂದು ಇಲ್ಲಿನ ಬ್ಯಾಂಕಿನಲ್ಲಿರುವ ಅವಳ ಎನ್‌ಆರ್‌ಒ ಖಾತೆಗೆ ಹಾಕಬಹುದು. ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ ಇರಬೇಕು. ಆ ಹಣದಿಂದ ಅವಳು ಇಲ್ಲಿ ಫ್ಲ್ಯಾಟ್ ಕೊಳ್ಳಬಹುದು. ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಮೆರಿಕದ ತೆರಿಗೆ ನಿವಾಸಿಯಾಗಿದ್ದು, ವರ್ಷದಲ್ಲಿ ಬಂದದ್ದು 1,00,000 ಡಾಲರ್ ಮೀರಿದರೆ ಫಾರ್ಮ್ 3520 ಸಲ್ಲಿಸಬೇಕು. ಅಲ್ಲೂ ಅವಳಿಗೆ ತೆರಿಗೆ ಇಲ್ಲ. ಆದರೆ ಸಲ್ಲಿಸದಿದ್ದರೆ ದಂಡ ದೊಡ್ಡದು.

ಹೆಜ್ಜೆ 8: ನೋಂದಣಿ ಮತ್ತು ರಿಟರ್ನ್

ಮನೆಯ ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ, ಮಾರುವವರು ಇಲ್ಲಿನ ನಿವಾಸಿಯಾಗಿದ್ದರೆ ಅವರಿಗೆ ಕೊಡುವ ಹಣದಲ್ಲೇ ಶೇ. 1 ತೆರಿಗೆ (ಟಿಡಿಎಸ್) ಕಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಕೆಲಸ. ಇಬ್ಬರು ಜಂಟಿಯಾಗಿ ಕೊಂಡರೆ ಇಬ್ಬರೂ ತಮ್ಮ ಪಾಲಿಗೆ ಬೇರೆ ಬೇರೆ ಕಟ್ಟಬೇಕು. ದಾನ ಕೊಟ್ಟು ಜಂಟಿ ಹೆಸರು ಹಾಕಿಸಿದ ಅಪ್ಪನ ಪ್ಯಾನ್‌ನಲ್ಲೂ ಕಟ್ಟಬೇಕಾಗುತ್ತದೆ, ಇದನ್ನು ಬಿಟ್ಟುಬಿಡುವವರು ಬಹಳ.

ದೊಡ್ಡ ಬೆಲೆಯ ನೋಂದಣಿಯ ವಿವರ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆರಿಗೆ ಇಲಾಖೆಗೆ ತಾನಾಗಿ ಹೋಗುತ್ತದೆ. ಇಲಾಖೆ ಇಡುವ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಅದು ಕಾಣುತ್ತದೆ. ವರ್ಷಕ್ಕೆ 9 ಲಕ್ಷ ಸಂಬಳ ತೋರಿಸಿ 80 ಲಕ್ಷದ ಮನೆ ಕೊಂಡಿದ್ದು ಹೇಗೆ ಅಂತ ಅವರು ಕೇಳುವ ಮೊದಲೇ ನಿಮ್ಮ ರಿಟರ್ನ್‌ನಲ್ಲಿ ಉತ್ತರ ಇರಲಿ. ಸಂಬಂಧಿಕರ ದಾನವನ್ನು ವಿನಾಯಿತಿ ಆದಾಯದ ಭಾಗದಲ್ಲಿ ಮೊತ್ತ ಬರೆದು ತೋರಿಸಿ. ಕೊಟ್ಟ ಅಪ್ಪ-ಅಮ್ಮನೂ ಆ ವರ್ಷ ರಿಟರ್ನ್ ಸಲ್ಲಿಸಿದರೆ ಒಳ್ಳೆಯದು, ತೆರಿಗೆ ಬಾರದಿದ್ದರೂ.

ದಾನಪತ್ರ, ಇಬ್ಬರ ಬ್ಯಾಂಕ್ ಸ್ಟೇಟ್‌ಮೆಂಟ್, ಜಮೀನು ಮಾರಿದ್ದರೆ ಆ ಕ್ರಯಪತ್ರ ಮತ್ತು ಪಹಣಿ, ಎಫ್‌ಡಿ ಮುರಿದ ರಸೀದಿ, ಟಿಡಿಎಸ್ ಚಲನ್ ಎಲ್ಲವನ್ನೂ ಮನೆ ಪತ್ರಗಳ ಫೈಲಿನಲ್ಲೇ ಇಡಿ. ಮನೆ ಮಾರುವವರೆಗೂ ಅವು ಬೇಕು. ಸಾಲಕ್ಕೆ ಅಡವಿಟ್ಟ ಮೂಲ ಪತ್ರಗಳು ಬ್ಯಾಂಕಿಗೆ ಹೋಗುತ್ತವಾದ್ದರಿಂದ ಅವುಗಳ ಜೊತೆ ಇವು ಹೋಗದಂತೆ ನೋಡಿಕೊಳ್ಳಿ, ಒಂದು ಸ್ಕ್ಯಾನ್ ಪ್ರತಿಯನ್ನು ಕೊಟ್ಟವರ ಹತ್ತಿರವೂ ಇಡಿ.